ನಾಲೆಗೆ ವಂತಿಗೆ, ಹೆದ್ದಾರಿಗೆ ವಿನಾಯಿತಿ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿಗಳಲ್ಲಿ ನಡೆದ ರೈತರ ಹಾಗೂ ಪಕ್ಷದ ಕಾರ್ಯಕರ್ತರ ಸಭೆಗಳಲ್ಲಿ ಮಾಡಿದ ಭಾಷಣ. ಮೂರು ಕಡೆಯ ಮಾತುಗಳನ್ನೂ ಒಂದುಗೂಡಿಸಿ ಇಲ್ಲಿ ಕೊಟ್ಟಿದೆ.)



ತೆರಿಗೆಯ ವಿಷಯ ಮಾತನಾಡುತ್ತೇವೆಂದು ಸಾರಿದರೆ ಸಭೆಗೆ ಜನ ಬರುವುದಿಲ್ಲವೆಂದು ಕೆಲವು ಮಿತ್ರರು ನಮ್ಮನ್ನು ಎಚ್ಚರಿಸಿದರು. "ಆದಾಯ ತೆರಿಗೆ ಕಟ್ಟುವವರು ನಮ್ಮೂರಲ್ಲಿ ಎಷ್ಟು ಮಂದಿ? ಅವರ ಚಿಂತೆ ನಮಗೇಕೆ?" ಎಂದರು. ಕಟ್ಟುವವರ ಚಿಂತೆಯಲ್ಲ ನಮ್ಮದು. ಕಟ್ಟಬೇಕಾದವರು, ಕಟ್ಟುವ ಶಕ್ತಿಯೂ ಉಳ್ಳವರು, ಕಾಯಿದೆಯ ಅಪ್ಪಣೆ ಪಡೆದೇ ಕಟ್ಟದೆ ಹೋಗುತ್ತಾರಲ್ಲ, ಅವರ ಚಿಂತೆ ನಮ್ಮದು. ಏಕೆಂದರೆ ಅವರು ಕಟ್ಟದೆ ಬಿಟ್ಟದ್ದನ್ನು ನಾವು ನೀವು ಸಾಬೂನಿನಲ್ಲಿ, ಸಿಮೆಂಟಿನಲ್ಲಿ, ಮೊಪೆಡ್ಡಿಗೆ ಹಾಕಿಸುವ ಪೆಟ್ರೋಲಿನಲ್ಲಿ ಕಟ್ಟುತ್ತಿದ್ದೇವೆ. ಕಾಯಿದೆ ಮೀರಿ ತೆರಿಗೆ ಕದಿಯುವವನ ಮಾತು ಬೇರೆ. ಅವನಿಗಾಗಿ ಅಧಿಕಾರಿಗಳಿದ್ದಾರೆ, ನ್ಯಾಯಾಲಯವಿದೆ. ಕಾಯಿದೆಯೇ ಬಾಗಿಲು ತೆರೆದು, ದೀಪ ಹಿಡಿದು, ದಾರಿ ತೋರಿಸಿ ಕಳಿಸಿಕೊಡುವವನನ್ನು ಏನು ಮಾಡಬೇಕು? ಇಂದಿನ ಮಾತು ಅದನ್ನು ಕುರಿತದ್ದು.

ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾವು ಹಳ್ಳಿಯ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದೆವು. ನಾವು ಓದಿದ್ದು ಮೆಟ್ರಿಕ್‍ನ ಮಟ್ಟಕ್ಕಷ್ಟೆ. ದೊಡ್ಡ ಅರ್ಥಶಾಸ್ತ್ರ ನಮಗೆ ತಿಳಿಯದು. ಆದರೆ ಲಾಭ ನಷ್ಟದ ಲೆಕ್ಕವನ್ನು ನೂರಾರು ಮಕ್ಕಳಿಗೆ ಕರಿಹಲಗೆಯ ಮೇಲೆ ಹೇಳಿಕೊಟ್ಟಿದ್ದೇವೆ. ಕೊಂಡ ಬೆಲೆ ಇಷ್ಟು, ಮಾರಿದ ಬೆಲೆ ಇಷ್ಟು, ಲಾಭವೆಷ್ಟು? ಇಂದೂ ಅದೇ ಲೆಕ್ಕ. ಉದಾಹರಣೆಗೆ ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಮದ್ದೂರು ತಾಲ್ಲೂಕಿನಲ್ಲಿ ನಮ್ಮ ತಂದೆಗೆ ಮುಕ್ಕಾಲು ಎಕರೆ ಖುಷ್ಕಿ ಇತ್ತು. ರಾಗಿ, ಹುರುಳಿ ಬೆಳೆಯುತ್ತಿದ್ದರು. ೨೦೧೬ರಲ್ಲಿ ಸಾಲ ಮೈಮೇಲೆ ಬಂದು, ತಂಗಿಯ ಮದುವೆಯೂ ಎದುರಿಗಿದ್ದು, ಅದನ್ನು ೯ ಲಕ್ಷಕ್ಕೆ ಮಾರಿದರು. ಕೊಂಡವರು ಪಕ್ಕದ ಹೋಬಳಿಯ ಒಬ್ಬರು. ಸಾಲ ತೀರಿತು, ಮದುವೆ ಆಯಿತು, ಉಳಿದದ್ದು ಆಸ್ಪತ್ರೆಗೆ ಹೋಯಿತು. ಆ ೯ ಲಕ್ಷಕ್ಕೆ ನಮ್ಮ ತಂದೆ ಆದಾಯ ತೆರಿಗೆ ಕಟ್ಟಲಿಲ್ಲ, ಕಟ್ಟಬೇಕಾಗಿಯೂ ಇರಲಿಲ್ಲ. ಅದು ನ್ಯಾಯ ಎಂದೇ ನಾವು ಈಗಲೂ ಹೇಳುತ್ತೇವೆ. ನಲವತ್ತು ವರ್ಷ ಉತ್ತವನು ಕೊನೆಗೆ ಕಣ್ಣೀರಿಟ್ಟು ಮಾರಿದ ಜಮೀನಿನ ಮೇಲೆ ಸರಕಾರ ಕೈಚಾಚಬಾರದು.

ಮುಂದೆ ಕೇಳಿ. ೨೦೨೧ರಲ್ಲಿ ಅದೇ ಮುಕ್ಕಾಲು ಎಕರೆ ಬೆಂಗಳೂರಿನವರೊಬ್ಬರಿಗೆ ೧೮ ಲಕ್ಷಕ್ಕೆ ಹೋಯಿತು. ೨೦೨೪ರಲ್ಲಿ ಅವರು ಅದನ್ನು ಇನ್ನೊಬ್ಬರಿಗೆ ೪೫ ಲಕ್ಷಕ್ಕೆ ಕೊಟ್ಟರು. ಸುತ್ತಲೂ ತಂತಿ ಬೇಲಿ ಬಂತು, ಒಂದು ಗೇಟು ಬಂತು, ನಾಲ್ಕು ತೆಂಗಿನ ಸಸಿಗಳೂ ಬಂದವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಕಾವಲಿಗಿದ್ದಾನೆ. ಲಾಭ ನಷ್ಟದ ಲೆಕ್ಕದಲ್ಲಿ ಅವನು ತರಗತಿಗೇ ಮೊದಲು. ಒಂದು ದಿನ ಬೇಲಿಯ ಆಚೆ ನಿಂತು ಅವನೇ ನಮ್ಮನ್ನು ಕೇಳಿದ: "ಸಾರ್, ನಿಮ್ಮಪ್ಪ ನಲವತ್ತು ವರ್ಷದಲ್ಲಿ ಈ ನೆಲದಿಂದ ತೆಗೆದದ್ದಕ್ಕಿಂತ ಇವರು ಮೂರು ವರ್ಷದಲ್ಲಿ ಏನೂ ಬೆಳೆಯದೆ ಜಾಸ್ತಿ ತೆಗೆದರು. ಇದಕ್ಕೂ ತೆರಿಗೆ ಇಲ್ಲವಂತೆ, ನಿಜವೇ?"

ನಿಜ, ಸಂಗಾತಿಗಳೇ. ಹೇಗೆಂದು ಹೇಳುತ್ತೇವೆ.

ಆದಾಯ ತೆರಿಗೆಯ ಕಾಯಿದೆಯಲ್ಲಿ ಬಂಡವಾಳ ಆಸ್ತಿ ಎಂಬ ಒಂದು ಮಾತಿದೆ. ಅಂಥ ಆಸ್ತಿಯನ್ನು ಮಾರಿ ಲಾಭ ಬಂದರೆ ತೆರಿಗೆ ಕಟ್ಟಬೇಕು. ಮಂಡ್ಯ ಪೇಟೆಯಲ್ಲಿ ಒಂದು ನಿವೇಶನ ಕೊಂಡು ಎರಡು ವರ್ಷ ದಾಟಿದ ಮೇಲೆ ಮಾರಿದವನು ೨೦೨೪ರ ಜುಲೈನಿಂದ ಲಾಭದ ಮೇಲೆ ನೂರಕ್ಕೆ ಹನ್ನೆರಡೂವರೆ ಕಟ್ಟುತ್ತಾನೆ. ಆದರೆ ಹಳ್ಳಿಗಾಡಿನ ಸಾಗುವಳಿ ಜಮೀನು ಈ ಕಾಯಿದೆಯ ಕಣ್ಣಿಗೆ ಬಂಡವಾಳ ಆಸ್ತಿಯೇ ಅಲ್ಲ. ಹಳ್ಳಿಗಾಡು ಎಂದರೆ ಯಾವುದು? ಜನಸಂಖ್ಯೆ ೧೦ ಸಾವಿರ ಮೀರಿ ೧ ಲಕ್ಷದೊಳಗಿರುವ ಪಟ್ಟಣವಾದರೆ ಅದರ ಎಲ್ಲೆಯಿಂದ ೨ ಕಿಲೋಮೀಟರಿನ ಆಚೆ. ೧ ಲಕ್ಷ ಮೀರಿ ೧೦ ಲಕ್ಷದವರೆಗೆ ೬ ಕಿಲೋಮೀಟರಿನ ಆಚೆ. ಅದಕ್ಕೂ ಮೇಲಾದರೆ ೮ ಕಿಲೋಮೀಟರಿನ ಆಚೆ. ಅಂದರೆ ಮದ್ದೂರು, ಮಳವಳ್ಳಿಗಳ ಎಲ್ಲೆಯಿಂದ ೨ ಕಿಲೋಮೀಟರು, ಮಂಡ್ಯದ ಎಲ್ಲೆಯಿಂದ ೬ ಕಿಲೋಮೀಟರು ದಾಟಿದರೆ ಸಾಕು, ಸಾಗುವಳಿ ಜಮೀನನ್ನು ಎಷ್ಟು ಲಾಭಕ್ಕೆ ಮಾರಿದರೂ ಆ ಲಾಭಕ್ಕೆ ತೆರಿಗೆಯಿಲ್ಲ. ಮಾರುವವನು ಉತ್ತವನೋ ಕೊಂಡಿಟ್ಟವನೋ ಎಂದು ಈ ಗೆರೆ ಕೇಳುವುದಿಲ್ಲ. ಕಿಲೋಮೀಟರನ್ನು ಕೇಳುತ್ತದೆ, ಕೈಯ ಮೇಲಿನ ಗಂಟುಗಳನ್ನು ಕೇಳುವುದಿಲ್ಲ.

ಜಮೀನು ನಿಜವಾಗಿ ಸಾಗುವಳಿಯದಾಗಿರಬೇಕೆಂಬ ಷರತ್ತು ಇದೆ, ನಿಜ. ಜಮೀನು ಮಾರಾಟವನ್ನೇ ಕಸುಬು ಮಾಡಿಕೊಂಡವನ ಲಾಭವನ್ನು ವ್ಯಾಪಾರದ ವರಮಾನವೆಂದು ಹಿಡಿಯಲೂ ಬಹುದು. ಆದರೆ ಪಹಣಿಯಲ್ಲಿ ರಾಗಿ, ತೆಂಗು ಎಂದು ಬರೆದಿರುವಾಗ, ವರ್ಷಕ್ಕೊಮ್ಮೆ ಬಾಡಿಗೆಯ ಟ್ರಾಕ್ಟರು ಓಡಿರುವಾಗ, ಎರಡು ಮೂರು ಕಡೆ ಕೊಂಡಿಟ್ಟು ನಿಧಾನವಾಗಿ ಮಾರುವ ಗೃಹಸ್ಥನನ್ನು ವ್ಯಾಪಾರಿಯೆಂದು ಸಾಧಿಸುವುದು ಸುಲಭದ ಮಾತಲ್ಲ.

ಈಗ ಕರಿಹಲಗೆಯ ಮೇಲೆ ಎರಡು ಸಾಲು ಬರೆಯೋಣ. ಒಬ್ಬ ಇಂಜಿನಿಯರು ವರ್ಷವಿಡೀ ದುಡಿದು, ಎಲ್ಲ ಕಳೆದು, ತೆರಿಗೆಗೆ ಒಳಪಡುವ ೨೪ ಲಕ್ಷ ಸಂಪಾದಿಸಿದನೆಂದು ಇಟ್ಟುಕೊಳ್ಳಿ. ೨೦೨೫-೨೬ರ ಹೊಸ ಪದ್ಧತಿಯ ದರದಲ್ಲಿ ಅವನು ಕಟ್ಟಬೇಕಾದ್ದು ೩ ಲಕ್ಷ, ಅದರ ಮೇಲೆ ನೂರಕ್ಕೆ ೪ರ ಉಪಕರ ೧೨ ಸಾವಿರ. ಒಟ್ಟು ೩ ಲಕ್ಷ ೧೨ ಸಾವಿರ. ಇನ್ನೊಬ್ಬ ಗೃಹಸ್ಥ ಅದೇ ವರ್ಷ ಹೆದ್ದಾರಿಯ ಬಳಿಯ ಹಳ್ಳಿಯ ಜಮೀನು ಮಾರಿ ೧ ಕೋಟಿ ಲಾಭ ಪಡೆದನೆಂದು ಇಟ್ಟುಕೊಳ್ಳಿ. ಅವನು ಕಟ್ಟಬೇಕಾದ್ದು ಸೊನ್ನೆ. ದುಡಿದವನಿಗೆ ತೆರಿಗೆ, ಕಾದು ಕುಳಿತವನಿಗೆ ವಿನಾಯಿತಿ. ಈ ಲೆಕ್ಕವನ್ನು ನಮ್ಮ ಶಾಲೆಯ ಯಾವ ಹುಡುಗನಾದರೂ ಬರೆದು ತಂದಿದ್ದರೆ ನಾವು ತಪ್ಪು ಎಂದು ಕೆಂಪು ಗೀಟು ಹಾಕುತ್ತಿದ್ದೆವು.

ಹಾಗಾದರೆ ಬೆಂಗಳೂರಿನ ಹಣ ನಮ್ಮ ಹೊಲಕ್ಕೆ ಬಂದದ್ದು ಹೇಗೆ? ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಉಳುವವನೇ ಹೊಲದೊಡೆಯ ಎಂಬ ಕೂಗು ನಾಡನ್ನೆಲ್ಲ ಮುಟ್ಟಿತು. ದೇವರಾಜ ಅರಸರ ಕಾಲದಲ್ಲಿ, ೧೯೭೪ರ ತಿದ್ದುಪಡಿಯಿಂದ ಗೇಣಿ ಪದ್ಧತಿ ಮುರಿಯಿತು. ಆ ಭೂಸುಧಾರಣಾ ಕಾಯಿದೆಯಲ್ಲಿ ೭೯ಎ, ೭೯ಬಿ ಎಂಬ ಎರಡು ಬೇಲಿಗಳಿದ್ದವು. ಬೇರೆ ಮೂಲದಿಂದ ದೊಡ್ಡ ವರಮಾನ ಇರುವವರು, ಸಾಗುವಳಿಗೆ ಸಂಬಂಧಪಡದವರು ಸಾಗುವಳಿ ಜಮೀನನ್ನು ಕೊಳ್ಳಕೂಡದೆಂಬುದು ಅವುಗಳ ಸಾರ. ೨೦೧೫ರಲ್ಲಿ ಆ ವರಮಾನದ ಮಿತಿಯನ್ನು ೨೫ ಲಕ್ಷಕ್ಕೆ ಏರಿಸಿದರು. ಬೇಲಿಯಲ್ಲಿ ದೊಡ್ಡ ಕಂಡಿ ಬಿತ್ತು. ೨೦೨೦ರಲ್ಲಿ, ಜನ ರೋಗದ ಭಯದಿಂದ ಮನೆ ಸೇರಿದ್ದ ಕಾಲದಲ್ಲಿ, ಮೊದಲು ಸುಗ್ರೀವಾಜ್ಞೆಯಿಂದ, ಬಳಿಕ ಶಾಸನದಿಂದ ಎರಡು ಬೇಲಿಗಳನ್ನೂ ಕಿತ್ತರು. ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದರು. ಬೆಲೆ ಸಿಕ್ಕಿತು, ಇಲ್ಲವೆನ್ನುವುದಿಲ್ಲ. ಆದರೆ ಮೊದಲ ಬೆಲೆ ರೈತನಿಗೆ ಸಿಕ್ಕಿತು. ಎರಡನೆಯ, ಮೂರನೆಯ ಬೆಲೆ ಯಾರಿಗೆ ಸಿಕ್ಕಿತು? ರೈತನನ್ನು ಕಾಪಾಡಲೆಂದು ಆದಾಯ ತೆರಿಗೆಯ ಕಾಯಿದೆ ಕೊಟ್ಟಿದ್ದ ಕೊಡೆಯ ಕೆಳಗೆ ಈಗ ಬಂದು ನಿಂತಿರುವವನು ಯಾರು?

ಇನ್ನು ಮುಖ್ಯ ಪ್ರಶ್ನೆ. ಜಮೀನಿನ ಬೆಲೆ ಏರಿದ್ದು ಯಾವುದರಿಂದ? ಕೊಂಡವನು ಗೊಬ್ಬರ ಹಾಕಿದ್ದರಿಂದಲೆ? ಬದು ಕಟ್ಟಿದ್ದರಿಂದಲೆ? ಬೆಂಗಳೂರು ಮೈಸೂರು ದಶಪಥ ಹೆದ್ದಾರಿ, ೧೧೮ ಕಿಲೋಮೀಟರು, ಸುಮಾರು ೮,೪೮೦ ಕೋಟಿ ರೂಪಾಯಿ ಖರ್ಚಿನದು. ೨೦೨೩ರ ಮಾರ್ಚ್ ೧೨ರಂದು ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದರು. ರಸ್ತೆಗೆ ಜಮೀನು ಬಿಟ್ಟುಕೊಟ್ಟವರು ನಮ್ಮವರು. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ದಾರಿಯಲ್ಲಿ ಟ್ರಾಕ್ಟರು, ಆಟೋ, ಮೋಟಾರು ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಅಪಘಾತ ತಪ್ಪಿಸಲು ಅದು ಬೇಕಾಗಿತ್ತೆಂದರೆ ಒಪ್ಪೋಣ. ಆದರೂ ನೋಡಿ, ನಾವು ಪಕ್ಕದ ದಾರಿಯಲ್ಲಿ ಕಬ್ಬಿನ ಗಾಡಿ ಎಳೆದುಕೊಂಡು ಹೋಗುತ್ತೇವೆ. ಆ ರಸ್ತೆಯಿಂದ ಏರಿದ ಬೆಲೆಯೋ ಮುಖ್ಯ ದಾರಿಯಲ್ಲಿಯೇ ಬೆಂಗಳೂರಿಗೆ ಹೋಗುತ್ತದೆ.

ಸಮಾಜ ಮಾಡಿದ ಖರ್ಚಿನಿಂದ ನೆಲದ ಬೆಲೆ ಏರಿದರೆ ಆ ಏರಿಕೆಯಲ್ಲಿ ಸಮಾಜಕ್ಕೆ ಪಾಲಿರಬೇಕು ಎನ್ನುವುದು ಇಂದಿನ ಮಾತಲ್ಲ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್, ಅಮೆರಿಕದ ಹೆನ್ರಿ ಜಾರ್ಜ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದರು. ನಮ್ಮ ಸರಕಾರಕ್ಕೂ ಈ ತತ್ತ್ವ ಚೆನ್ನಾಗಿ ಗೊತ್ತು. ಹೇಗೆ ಗೊತ್ತೆಂದರೆ, ನಮ್ಮ ಮೇಲೆಯೇ ಅದನ್ನು ಪ್ರಯೋಗಿಸಿದೆ!

ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಕ್ಕೆ ಹರಿಯಿತು. ಖುಷ್ಕಿ ತರಿಯಾಯಿತು, ಕಬ್ಬು ಬಂತು, ೧೯೩೩ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಅದರ ಹಿಂದೆಯೇ ನೀರಿನ ದರ, ಕಂದಾಯಗಳ ಭಾರವೂ ಬಂತು; ೧೯೩೦ರ ದಶಕದ ಮೊದಲಲ್ಲಿಯೇ ನಾಲೆಯ ರೈತರು ಅದರ ವಿರುದ್ಧ ಚಳವಳಿ ಹೂಡಬೇಕಾಯಿತು. ೧೯೫೭ರಲ್ಲಿ ಇನ್ನೊಂದು ಕಾಯಿದೆ ಬಂತು. ನೀರಾವರಿಯಿಂದ ನಿನ್ನ ಜಮೀನಿನ ಬೆಲೆ ಏರಿದೆ, ಆದುದರಿಂದ ಆ ಏರಿಕೆಯಲ್ಲಿ ಸರಕಾರಕ್ಕೆ ಅಭಿವೃದ್ಧಿ ವಂತಿಗೆ ಕೊಡು ಎಂಬುದೇ ಆ ಕಾಯಿದೆ. ರೈತ ಜಮೀನನ್ನು ಮಾರಿರಲಿಲ್ಲ, ಲಾಭ ಕೈಗೆ ಬಂದಿರಲಿಲ್ಲ; ಆದರೂ ಬೆಲೆ ಏರಿದೆ, ವಂತಿಗೆ ತಾ! ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಈ ವಂತಿಗೆಯೂ ನೀರಿನ ಕರವೂ ಸೇರಿ ರೈತರ ಕೊರಳು ಹಿಸುಕಿದಾಗ ೧೯೮೦ರ ಜುಲೈ ೨೧ರಂದು ಅಲ್ಲಿ ಬಂಡಾಯವೆದ್ದಿತು. ಗುಂಡು ಹಾರಿತು, ರೈತರು ಸತ್ತರು. ಕರ್ನಾಟಕದ ರೈತ ಚಳವಳಿ ಆ ರಕ್ತದಿಂದ ಎದ್ದು ಬಂದದ್ದನ್ನು ತಾವೆಲ್ಲ ಬಲ್ಲಿರಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಲೆ ಬಂದು ಉಳುವವನ ನೆಲಕ್ಕೆ ಬೆಲೆ ಏರಿದಾಗ, ಮಾರದಿದ್ದರೂ ವಂತಿಗೆ ಕೇಳಿದರು. ಹೆದ್ದಾರಿ ಬಂದು ಕೊಂಡಿಟ್ಟವನ ನೆಲಕ್ಕೆ ಬೆಲೆ ಏರಿದಾಗ, ಮಾರಿ ಲಾಭ ಜೇಬಿಗೆ ಹಾಕಿಕೊಂಡರೂ ಕೇಳುವವರಿಲ್ಲ. ಭೂಪರಿವರ್ತನೆ ಮಾಡಿಸಿದರೆ ಶುಲ್ಕವುಂಟು. ಪರಿವರ್ತಿಸದೆಯೇ ಮಾರಿದರೆ ಅದೂ ಇಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಉಂಟಲ್ಲ ಎನ್ನುತ್ತೀರಾ? ಅದನ್ನು ಕಟ್ಟುವವನು ಕೊಳ್ಳುವವನು; ಲಾಭ ಪಡೆದವನಲ್ಲ. ಹಾಗಾದರೆ ತತ್ತ್ವ ಬದಲಾಯಿತೆ? ಇಲ್ಲ. ಆಸಾಮಿ ಬದಲಾದ.

ಮಳವಳ್ಳಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಬೆಂಗಳೂರಿಗೆ ಏರಿ ಹೋಗುತ್ತಿದೆ. ೨೦೨೪ರ ಅಕ್ಟೋಬರಿನಲ್ಲಿ ಅದರ ಐದನೆಯ ಹಂತಕ್ಕೂ ಚಾಲನೆ ಕೊಟ್ಟರು. ನಗರದ ಬಡವನಿಗೂ ನೀರು ಬೇಕು. ನಾವು ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಕಾವೇರಿಯ ನಲ್ಲಿ ಬಂತೆಂದು ಅಲ್ಲಿ ನಿವೇಶನದ ಬೆಲೆ ಏರುತ್ತದೆ, ಮನೆಯ ಬಾಡಿಗೆ ಏರುತ್ತದೆ. ನೀರು ಕೊಟ್ಟ ತಾಲ್ಲೂಕಿನಿಂದ ಬೆಂಗಳೂರಿಗೆ ದುಡಿಯಲು ಹೋದ ಹುಡುಗನೇ ಆ ಏರಿದ ಬಾಡಿಗೆಯನ್ನು ತಿಂಗಳು ತಿಂಗಳು ಎಣಿಸಿ ಕೊಡುತ್ತಾನೆ.

ಆ ಬಾಡಿಗೆಯ ಮನೆಯ ಕಡೆಗೂ ಒಮ್ಮೆ ನೋಡೋಣ. ಮನೆ ಬಾಡಿಗೆಗೆ ಕೊಟ್ಟವನು ನಗರಸಭೆಯ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ ೩೦ನ್ನು ದುರಸ್ತಿ ಮುಂತಾದ ಖರ್ಚೆಂದು ಕಳೆಯಬಹುದು. ವರ್ಷದಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ ಕಳೆಯಬಹುದು. ಮನೆ ಕೊಳ್ಳಲು ಮಾಡಿದ ಸಾಲದ ಬಡ್ಡಿಯನ್ನೂ ಬಾಡಿಗೆಯಲ್ಲಿ ಕಳೆಯಬಹುದು. ಹಳೆಯ ಪದ್ಧತಿಯನ್ನು ಆರಿಸಿಕೊಂಡರೆ, ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟ ಕಂಡಾಗ ವರ್ಷಕ್ಕೆ ೨ ಲಕ್ಷದವರೆಗೆ ಸಂಬಳದಲ್ಲಿಯೂ ಕಳೆಯಬಹುದು. ಷೇರು ಮಾರಿದ ಲಾಭವನ್ನು ಮನೆ ಕೊಳ್ಳಲು ಹಾಕಿದರೆ ಆ ಲಾಭಕ್ಕೂ ವಿನಾಯಿತಿ. ೨೦೨೩ರಲ್ಲಿ ಇದಕ್ಕೊಂದು ಮಿತಿ ಹಾಕಿದರು, ಆ ಮಿತಿ ೧೦ ಕೋಟಿ! ಇತ್ತ, ಇರಲೆಂದು ಒಂದೇ ಮನೆಯನ್ನು ಸಾಲ ಮಾಡಿ ಕಟ್ಟಿಕೊಂಡ ನೌಕರನಿಗೆ ಹೊಸ ಪದ್ಧತಿಯಲ್ಲಿ ಬಡ್ಡಿಯ ರಿಯಾಯಿತಿ ಇಲ್ಲ. ಬಾಡಿಗೆಯ ಕೋಣೆಯಲ್ಲಿರುವ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳಿಗಂತೂ ಯಾವ ಪದ್ಧತಿಯಲ್ಲಿಯೂ ಏನೂ ಇಲ್ಲ. ೧೯೬೧ರ ಆದಾಯ ತೆರಿಗೆ ಕಾಯಿದೆ ಹೋಗಿ ೨೦೨೫ರ ಹೊಸ ಕಾಯಿದೆ ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಪುಟ ಕಡಿಮೆಯಾಯಿತು, ಭಾಷೆ ತಿಳಿಯಾಯಿತು. ಆಸ್ತಿವಂತರ ರಿಯಾಯಿತಿಗಳು ಮಾತ್ರ ಒಂದೂ ದಾರಿ ತಪ್ಪದೆ ಹೊಸ ಕಾಯಿದೆಯನ್ನು ಸೇರಿಕೊಂಡವು.

ಹಿಂದೆ ಹೀಗಿರಲಿಲ್ಲ. ಸತ್ತವರ ದೊಡ್ಡ ಆಸ್ತಿಯ ಮೇಲೆ ೧೯೫೩ರಲ್ಲಿ ತೆರಿಗೆ ಬಂತು, ಸಂಪತ್ತಿನ ಮೇಲೆ ೧೯೫೭ರಲ್ಲಿ, ದಾನದ ಮೇಲೆ ೧೯೫೮ರಲ್ಲಿ. ಮೊದಲನೆಯದನ್ನು ೧೯೮೫ರಲ್ಲಿ, ದಾನ ತೆರಿಗೆಯನ್ನು ೧೯೯೮ರಲ್ಲಿ, ಸಂಪತ್ತಿನ ತೆರಿಗೆಯನ್ನು ೨೦೧೫ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯಿಂದ ವರ್ಷಕ್ಕೆ ಸುಮಾರು ಸಾವಿರ ಕೋಟಿಯಷ್ಟೇ ಬರುತ್ತದೆ, ವಸೂಲಿಯ ಖರ್ಚೇ ಹೆಚ್ಚು ಎಂದು ಕಾರಣ ಕೊಟ್ಟರು. ಕಳ್ಳರು ಸಿಗುತ್ತಿಲ್ಲವೆಂದು ಪೊಲೀಸು ಠಾಣೆ ಮುಚ್ಚಿದ ಹಾಗಾಯಿತು.

ನಮ್ಮ ಮಾತಿಗೆ ಎದುರು ಮಾತುಗಳುಂಟು. ಅವನ್ನು ಮರೆಮಾಚುವುದು ನಮ್ಮ ರೀತಿಯಲ್ಲ.

ಮೊದಲನೆಯದು: ಬಂಡವಾಳ ಹಾಕುವವರಿಗೆ ರಿಯಾಯಿತಿ ಕೊಡದಿದ್ದರೆ ಬಾಡಿಗೆ ಮನೆಗಳೇ ಕಟ್ಟಲ್ಪಡುವುದಿಲ್ಲ, ಬಾಡಿಗೆ ಇನ್ನೂ ಏರುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹೊಸ ಮನೆ ಕಟ್ಟಿ, ಬಾಡಿಗೆಗೆ ಕೊಟ್ಟು, ಬಾಡಿಗೆಯನ್ನು ಲೆಕ್ಕದಲ್ಲಿ ತೋರಿಸುವವನಿಗೆ ಬಡ್ಡಿ ಕಳೆಯಲು ಬಿಡಿ, ನಮ್ಮ ತಕರಾರಿಲ್ಲ. ಆದರೆ ೨೦೧೧ರ ಜನಗಣತಿಯಲ್ಲಿ ಭಾರತದ ನಗರಗಳಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಮನೆಗಳು ಬೀಗ ಹಾಕಿ ಖಾಲಿ ಬಿದ್ದಿದ್ದವು. ೨೦೧೨ರಲ್ಲಿ ಸರಕಾರದ ತಜ್ಞರ ತಂಡವೇ ನಗರಗಳಲ್ಲಿ ಸುಮಾರು ೧ ಕೋಟಿ ೮೮ ಲಕ್ಷ ಮನೆಗಳ ಕೊರತೆಯೆಂದು ಹೇಳಿತು. ಬೀಗ ಹಾಕಿದ ಮನೆಯಿಂದ, ಬೇಲಿ ಹಾಕಿದ ಹೊಲದಿಂದ ಯಾರ ತಲೆಯ ಮೇಲೆ ಸೂರು ಬಂತು? ಬ್ರಿಟನ್ನಿನಲ್ಲಿ ೨೦೧೭ರಿಂದ ನಾಲ್ಕು ವರ್ಷಗಳಲ್ಲಿ ಬಾಡಿಗೆ ಮನೆಗಳ ಒಡೆಯರ ಬಡ್ಡಿ ರಿಯಾಯಿತಿಯನ್ನು ಮೊಟಕುಮಾಡಿದರು. ನ್ಯೂಜಿಲೆಂಡಿನಲ್ಲಿ ೨೦೨೧ರಲ್ಲಿ ಕೀಳತೊಡಗಿದರು, ಸರಕಾರ ಬದಲಾದ ಮೇಲೆ ೨೦೨೫ರ ಹೊತ್ತಿಗೆ ಪೂರ್ತಿಯಾಗಿ ಮರಳಿ ಕೊಟ್ಟರು. ರಿಯಾಯಿತಿ ಎಂಬುದು ದೇವರು ಬರೆದದ್ದಲ್ಲ; ಯಾರ ಕೂಗು ಶಾಸನಸಭೆಗೆ ಕೇಳಿಸುತ್ತದೋ ಅವರ ಕಡೆಗೆ ಅದು ವಾಲುತ್ತದೆ ಎಂಬುದೇ ಇದರ ಪಾಠ.

ಎರಡನೆಯದು ನಮ್ಮವರದೇ ಮಾತು: "ಇವತ್ತು ಬೆಂಗಳೂರಿನವನ ಮೇಲೆ ತೆರಿಗೆ ಎನ್ನುತ್ತೀರಿ, ನಾಳೆ ಅದು ರೈತನ ಕೊರಳಿಗೇ ಬರುತ್ತದೆ." ಈ ಭಯ ಸುಳ್ಳಲ್ಲ. ಅಭಿವೃದ್ಧಿ ವಂತಿಗೆಯ ಕಹಿ ಉಂಡವರು ನಾವು. ಆದುದರಿಂದಲೇ ನಾವು ಹೇಳುವುದು: ಗೆರೆ ಊರುಗಳ ನಡುವೆ ಬೇಡ, ಉಳುವವನಿಗೂ ಕೊಂಡಿಡುವವನಿಗೂ ನಡುವೆ ಬೇಕು. ಅಂಥ ಗೆರೆ ಎಳೆಯಲು ಬರುವುದಿಲ್ಲವೆಂದು ಹೇಳಬೇಡಿ. ೧೯೭೦ರಲ್ಲಿ ಪಟ್ಟಣದ ಅಂಚಿನ ಸಾಗುವಳಿ ಜಮೀನನ್ನು ವಿನಾಯಿತಿಯಿಂದ ಹೊರಗೆ ತೆಗೆಯಲು ಗೆರೆ ಎಳೆದವರು ಇದೇ ದಿಲ್ಲಿಯವರು. ದೊಡ್ಡ ಹಿಡುವಳಿಯ ಮೇಲೆ ಮಾತ್ರ ತೆರಿಗೆ ಬೀಳುವ ಹಾಗೆ ಕೆ. ಎನ್. ರಾಜ್ ಸಮಿತಿ ೧೯೭೨ರಲ್ಲಿಯೇ ದಾರಿ ಹೇಳಿತ್ತು. ಅದನ್ನು ಕಡತದಲ್ಲಿ ಮಲಗಿಸಿದವರೂ ಇವರೇ. ಗೆರೆ ಎಳೆಯಲು ಬರುತ್ತದೆ, ಮನಸ್ಸು ಬರಬೇಕು.

ಸಂಗಾತಿಗಳೇ, ನಮ್ಮ ಬೇಡಿಕೆಗಳು ಇವು:

ಒಂದು, ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ತಾನೂ ತನ್ನ ಮನೆಯವರೂ ಉತ್ತ ಸಣ್ಣ ಹಿಡುವಳಿಯ ರೈತ ಜಮೀನು ಮಾರಿದರೆ ಇಂದಿರುವ ವಿನಾಯಿತಿ ಒಂದು ಕಾಸೂ ಕಡಿಮೆಯಾಗದೆ ಉಳಿಯಬೇಕು.

ಎರಡು, ಹಾಗೆ ಉಳದೆ, ಕೊಂಡಿಟ್ಟು ಮಾರಿದವನು ಪೇಟೆಯ ನಿವೇಶನ ಮಾರಿದವನು ಕಟ್ಟುವ ತೆರಿಗೆಯನ್ನೇ ಕಟ್ಟಬೇಕು. ಹೆಚ್ಚು ಬೇಡ, ಕಡಿಮೆಯೂ ಬೇಡ.

ಮೂರು, ಹಾಗೆ ಬಂದ ಹಣದಲ್ಲಿ ಒಂದು ಪಾಲು ಆ ಜಮೀನು ಇರುವ ಗ್ರಾಮ ಪಂಚಾಯಿತಿಗೆ ಸೇರಬೇಕು. ಮೊದಲು ಭೂಮಿ ಇಲ್ಲದವರಿಗೆ ನಿವೇಶನ, ಆಮೇಲೆ ಶಾಲೆ.

ನಾಲ್ಕು, ಎರಡಕ್ಕಿಂತ ಹೆಚ್ಚು ಮನೆಗಳಿರುವವನಿಗೆ ಬಾಡಿಗೆಯ ನೂರಕ್ಕೆ ೩೦ರ ಕಣ್ಣುಮುಚ್ಚಿದ ಕಡಿತ ಬೇಡ; ಮಾಡಿದ ಖರ್ಚಿಗೆ ರಸೀತಿ ತೋರಿಸಲಿ. ಬಡ್ಡಿಯ ರಿಯಾಯಿತಿ ಮೊದಲು ಇರುವ ಮನೆಗೆ, ಆಮೇಲೆ ಕೊಂಡಿಟ್ಟ ಮನೆಗೆ.

ಇವುಗಳಲ್ಲಿ ಕ್ರಾಂತಿಯೇನೂ ಇಲ್ಲ. ಉಳುವವನೇ ಹೊಲದೊಡೆಯನೆಂದು ಕೂಗಿದ ನಾಡು ಇಷ್ಟನ್ನು ಕೇಳಲು ಇಷ್ಟು ತಗ್ಗಿ ಮಾತನಾಡಬೇಕಾಗಿದೆಯೆಂಬುದೇ ನಾಚಿಕೆಯ ವಿಷಯ. ೧೯೩೮ರಲ್ಲಿ ಮದ್ದೂರಿನ ಶಿವಪುರದಲ್ಲಿ ಸರಕಾರದ ನಿಷೇಧವನ್ನು ಮೀರಿ ಬಾವುಟ ಹಾರಿಸಿದವರು ಈ ತಾಲ್ಲೂಕುಗಳ ರೈತರು. ಅವರು ಸರಕಾರವನ್ನು ಅಪ್ಪಣೆ ಬೇಡಲಿಲ್ಲ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ನಾಲ್ಕು ಬೇಡಿಕೆಗಳನ್ನು ನಡಾವಳಿ ಪುಸ್ತಕಕ್ಕೆ ಬರೆಸಿ. ಶಾಸಕರು, ಸಂಸತ್ ಸದಸ್ಯರು ಮತ ಕೇಳಲು ಬಂದಾಗ ಒಂದೇ ಪ್ರಶ್ನೆ ಕೇಳಿ: ನಾಲೆಗೆ ವಂತಿಗೆ ಕೇಳಿದ ಸರಕಾರ ಹೆದ್ದಾರಿಗೆ ಏಕೆ ಕೇಳಲಿಲ್ಲ?

ನಮ್ಮ ಆ ಹಳೆಯ ವಿದ್ಯಾರ್ಥಿ ಇಂದು ಸಭೆಗೆ ಬಂದಿಲ್ಲ. ಅವನಿಗೆ ರಾತ್ರಿ ಪಾಳಿ. ಅವನ ಪ್ರಶ್ನೆಗೆ ಅಂದು ಬೇಲಿಯ ಈಚೆ ನಿಂತು ನಾವು ಕೊಟ್ಟ ಉತ್ತರ ಇಷ್ಟೆ: "ನಿಜ ಕಣಪ್ಪ, ತೆರಿಗೆ ಇಲ್ಲ." ಮುಂದಿನ ಸಲ ಹೋದಾಗ ಬೇರೆ ಉತ್ತರ ಕೊಡುವ ಹಾಗೆ ಆಗಬೇಕು. ಅದು ನಮ್ಮೊಬ್ಬರಿಂದ ಆಗುವ ಕೆಲಸವಲ್ಲ.